ಕಬ್ಬಿನ ಪೂರೈಕೆ ಸರಪಳಿಯ ಮರುದಾರಿ: ವರ್ತುಲ ಆರ್ಥಿಕತೆಯಲ್ಲಿ ಪೋಷಕಾಂಶಗಳ ನಿರ್ವಹಣೆ

ಪೀಠಿಕೆ

ನುರಿಸುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಅಥವಾ ಬೀದರ್ ಜಿಲ್ಲೆಯ ಯಾವುದೇ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ನಿಂತರೂ ಕಾಣುವ ದೃಶ್ಯ ಒಂದೇ. ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರಿನ ಎರಡೂ ಟ್ರೇಲರುಗಳು ಕಬ್ಬಿನ ಭಾರಕ್ಕೆ ನಲುಗುತ್ತಿರುತ್ತವೆ. ಹಿಂದಿರುಗುವಾಗ ಅವೇ ಟ್ರೇಲರುಗಳು ಖಾಲಿಯಾಗಿ ಸದ್ದು ಮಾಡುತ್ತ ಓಡುತ್ತವೆ. ಕಟಾವಿನ ಪರವಾನಗಿ, ಕಟಾವು ತಂಡ, ಸಾಗಣೆಯ ಗುತ್ತಿಗೆ, ತೂಕ, ಪಾವತಿ ಎಂಬ ಕಬ್ಬಿನ ಪೂರೈಕೆ ವ್ಯವಸ್ಥೆಯ ಎಲ್ಲ ಕೊಂಡಿಗಳೂ ಹೊಲದಿಂದ ಕಾರ್ಖಾನೆಯ ಕಡೆಗೆ ಮಾತ್ರ ರೂಪುಗೊಂಡಿವೆ. ಕಾರ್ಖಾನೆಯಿಂದ ಹೊಲದ ಕಡೆಗೆ ಬರಬೇಕಾದ ವಸ್ತುಗಳಿಗೆ ಅಷ್ಟೇ ಖಚಿತವಾದ ವ್ಯವಸ್ಥೆಯಿಲ್ಲ.

ತೆಗೆದುಕೊಂಡು, ಬಳಸಿ, ಎಸೆಯುವ ನೇರ ರೇಖೆಯ ವ್ಯವಹಾರಕ್ಕೆ ಬದಲಾಗಿ ಒಂದು ಹಂತದ ಉಳಿಕೆಯನ್ನು ಇನ್ನೊಂದು ಹಂತದ ಒಳಸುರಿಯನ್ನಾಗಿಸುವ ಕ್ರಮವನ್ನು ವರ್ತುಲ ಆರ್ಥಿಕತೆ ಎಂದು ಕರೆಯಲಾಗುತ್ತದೆ. ಕೃಷಿಗೆ ಈ ವಿಚಾರ ಹೊಸತೇನಲ್ಲ. ತಿಪ್ಪೆಗುಂಡಿಯಿರುವ ಪ್ರತಿ ಮನೆಯೂ ಅದನ್ನು ಬಲ್ಲದು. ಬದಲಾಗಿರುವುದು ವರ್ತುಲದ ವಿಸ್ತಾರ. ಆಲೆಮನೆಯ ಕಾಲದಲ್ಲಿ ಕಬ್ಬಿನ ಸಿಪ್ಪೆ, ಬೂದಿ, ರಸದ ಮಡ್ಡಿಗಳೆಲ್ಲ ಅದೇ ಊರಿನ ಎಲ್ಲೆಯೊಳಗೆ ಉಳಿಯುತ್ತಿದ್ದವು. ಈಗ ಅವು ಹತ್ತಾರು ಕಿಲೋಮೀಟರ್ ದೂರದ ಕಾರ್ಖಾನೆಗೆ, ಅಲ್ಲಿಂದ ಡಿಸ್ಟಿಲರಿಗೆ, ವಿದ್ಯುತ್ ಬಾಯ್ಲರಿಗೆ, ಅನಿಲ ಘಟಕಕ್ಕೆ ಹಂಚಿಹೋಗುತ್ತವೆ. ಅವುಗಳನ್ನು ಹೊಲಕ್ಕೆ ಮರಳಿಸುವುದು ಈಗ ಗೊಬ್ಬರದ ಪ್ರಶ್ನೆಯಾಗಿರುವಷ್ಟೇ ಸಾಗಣೆ, ತೇವಾಂಶ, ಕಾಲ ಮತ್ತು ಕರಾರಿನ ಪ್ರಶ್ನೆಯೂ ಆಗಿದೆ. ಈ ಲೇಖನವು ಕಬ್ಬು ಬೆಳೆಗಾರರು, ರೈತ ಉತ್ಪಾದಕ ಸಂಸ್ಥೆಗಳು ಹಾಗೂ ಕಾರ್ಖಾನೆಗಳ ಕಬ್ಬು ಅಭಿವೃದ್ಧಿ ಸಿಬ್ಬಂದಿಗೆ ಈ ಮರುದಾರಿಯ ನಿರ್ವಹಣೆಯನ್ನು ವಿವರಿಸುತ್ತದೆ.

ಮಾರಾಟವಾಗುವುದು ಯಾವುದು, ಕಳೆದುಹೋಗುವುದು ಯಾವುದು

ಸಕ್ಕರೆಯಲ್ಲಿ ಇರುವುದು ಇಂಗಾಲ, ಜಲಜನಕ ಮತ್ತು ಆಮ್ಲಜನಕ ಮಾತ್ರ. ಎಥನಾಲ್‌ನಲ್ಲಿಯೂ ಅಷ್ಟೇ. ಇವು ಮೂರೂ ಗಾಳಿ ಮತ್ತು ನೀರಿನಿಂದ ಬಂದವು. ಅಂದರೆ ಕಾರ್ಖಾನೆಯು ಹಣಕ್ಕೆ ಮಾರುವ ಎರಡು ಮುಖ್ಯ ಸರಕುಗಳಲ್ಲಿ ನಮ್ಮ ಮಣ್ಣಿನ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣಗಳು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಮಣ್ಣಿನಿಂದ ಹೋದದ್ದೆಲ್ಲ ಉಳಿಕೆಗಳಲ್ಲಿಯೇ ಇರುತ್ತದೆ: ರವದಿ, ಬಗಾಸ್ ಮತ್ತು ಅದರ ಬೂದಿ, ಪ್ರೆಸ್‌ಮಡ್, ಕಾಕಂಬಿ, ಕಾಕಂಬಿಯಿಂದ ಹೊರಬರುವ ಸ್ಪೆಂಟ್‌ವಾಶ್. ಬತ್ತ ಅಥವಾ ತೊಗರಿಯ ವಿಷಯದಲ್ಲಿ ಹೀಗೆ ಹೇಳಲಾಗದು. ಅಲ್ಲಿ ಕಾಳಿನೊಂದಿಗೆ ಪೋಷಕಾಂಶಗಳೂ ಪೇಟೆಗೆ ಹೋಗುತ್ತವೆ. ಕಬ್ಬು ಈ ದೃಷ್ಟಿಯಿಂದ ಅಪರೂಪದ ಬೆಳೆ. ತಾತ್ತ್ವಿಕವಾಗಿ ಅದರ ವರ್ತುಲವನ್ನು ಬಹುಮಟ್ಟಿಗೆ ಮುಚ್ಚಬಹುದು. ಕಬ್ಬಿನ ಭೂಮಿ ಬಡವಾಗುತ್ತಿದ್ದರೆ ಅದಕ್ಕೆ ಉಳಿಕೆಗಳು ಹಿಂದಿರುಗದಿರುವುದೂ ಮುಖ್ಯ ಕಾರಣವೆಂದು ತಿಳಿಯಬೇಕು.

100 ಟನ್ ಇಳುವರಿಯ ಕಬ್ಬಿನ ಬೆಳೆಯು ಮಣ್ಣಿನಿಂದ ಸುಮಾರು 200 ಕಿ.ಗ್ರಾಂ. ಸಾರಜನಕ, 50 ಕಿ.ಗ್ರಾಂ. ಆಸುಪಾಸು ರಂಜಕ ಮತ್ತು 280 ಕಿ.ಗ್ರಾಂ.ವರೆಗೆ ಪೊಟ್ಯಾಷ್ ಹೀರಿಕೊಳ್ಳುತ್ತದೆ. ಪೊಟ್ಯಾಷ್ ಪ್ರಮಾಣವು ಸಾರಜನಕಕ್ಕಿಂತಲೂ ಹೆಚ್ಚು ಎಂಬುದನ್ನು ಗಮನಿಸಬೇಕು; ಯೂರಿಯಾ ಚೀಲಗಳನ್ನೇ ಎಣಿಸುವ ರೂಢಿಯಿಂದಾಗಿ ಇದು ಮರೆಯಾಗುತ್ತದೆ.

ಕಾರ್ಖಾನೆಗೆ ಹೋದ ಒಂದು ಟನ್ ಕಬ್ಬಿನಿಂದ ಸ್ಥೂಲವಾಗಿ 280–300 ಕಿ.ಗ್ರಾಂ. ಹಸಿ ಬಗಾಸ್, 30–40 ಕಿ.ಗ್ರಾಂ. ಹಸಿ ಪ್ರೆಸ್‌ಮಡ್ ಮತ್ತು 40–45 ಕಿ.ಗ್ರಾಂ. ಕಾಕಂಬಿ ದೊರೆಯುತ್ತವೆ. ಇವು ಮೂರರಲ್ಲಿ ಪೋಷಕಾಂಶಗಳು ಸಮನಾಗಿ ಹಂಚಿಕೆಯಾಗುವುದಿಲ್ಲ. ರಸವನ್ನು ತಿಳಿಗೊಳಿಸುವಾಗ ಸುಣ್ಣದೊಂದಿಗೆ ಸೇರಿ ತಳಕ್ಕಿಳಿಯುವ ರಂಜಕವು ಪ್ರೆಸ್‌ಮಡ್‌ನಲ್ಲಿ ಸೇರುತ್ತದೆ. ನೀರಿನಲ್ಲಿ ಸುಲಭವಾಗಿ ಕರಗುವ ಪೊಟ್ಯಾಷ್ ರಸದೊಂದಿಗೇ ಸಾಗಿ ಕಾಕಂಬಿಯಲ್ಲಿ ಉಳಿಯುತ್ತದೆ. ಹೀಗಾಗಿ ಪ್ರೆಸ್‌ಮಡ್ ಹಾಕಿದೆವು, ಆದ್ದರಿಂದ ಎಲ್ಲವೂ ಮರಳಿತು ಎಂಬ ಭಾವನೆ ತಪ್ಪು. ಅದರಿಂದ ರಂಜಕ ಮರಳುತ್ತದೆ, ಇಂಗಾಲ ಮರಳುತ್ತದೆ. ಪೊಟ್ಯಾಷ್ ಬೇರೊಂದು ದಾರಿ ಹಿಡಿದಿರುತ್ತದೆ.

ರವದಿ: ಸಾಗಣೆಯೇ ಬೇಡದ ಮರುದಾರಿ

ಉಳಿಕೆಯು ಎಷ್ಟು ಕಡಿಮೆ ದೂರ ಸಾಗುತ್ತದೆಯೋ ವರ್ತುಲ ಅಷ್ಟು ಅಗ್ಗ. ಈ ಲೆಕ್ಕದಲ್ಲಿ ಮೊದಲ ಸ್ಥಾನ ಕಬ್ಬಿನ ಒಣ ಎಲೆಗಳಿಗೆ ಸಲ್ಲುತ್ತದೆ. ಉತ್ತರ ಕರ್ನಾಟಕದಲ್ಲಿ ರವದಿ ಎಂದೂ ದಕ್ಷಿಣದಲ್ಲಿ ತರಗು ಅಥವಾ ಸೋಗೆ ಎಂದೂ ಕರೆಯುವ ಈ ವಸ್ತು, ಎಕರೆಗೆ 40 ಟನ್ ಇಳುವರಿಯಿರುವ ತಾಕಿನಲ್ಲಿ 3.5ರಿಂದ 4 ಟನ್‌ನಷ್ಟು ಬಿದ್ದಿರುತ್ತದೆ. ಅದರಲ್ಲಿ ಸಾರಜನಕ ಶೇ. 0.4–0.5, ಪೊಟ್ಯಾಷ್ ಶೇ. 0.5–0.7ರಷ್ಟಿದ್ದು, ಒಟ್ಟಾರೆ ಎಕರೆಗೆ 15–20 ಕಿ.ಗ್ರಾಂ. ಸಾರಜನಕ ಮತ್ತು 20–28 ಕಿ.ಗ್ರಾಂ. ಪೊಟ್ಯಾಷ್ ಹೊಲದಲ್ಲಿಯೇ ಇರುತ್ತದೆ. ಬೆಂಕಿ ಇಟ್ಟರೆ ಇಂಗಾಲ ಮತ್ತು ಸಾರಜನಕ ಬಹುತೇಕ ಪೂರ್ಣವಾಗಿ ಗಾಳಿಗೆ ಹೋಗುತ್ತವೆ; ಬೂದಿಯಲ್ಲಿ ಉಳಿದ ಪೊಟ್ಯಾಷ್ ಮೊದಲ ಗಾಳಿಗೆ ಹಾರಿ, ಮೊದಲ ನೀರಿಗೆ ಹರಿದು ನಷ್ಟವಾಗುವ ಸಂಭವವೇ ಹೆಚ್ಚು.

ಇದು ಗೊತ್ತಿದ್ದೂ ರೈತರು ರವದಿ ಸುಡುತ್ತಾರೆ. ಅದಕ್ಕೆ ಅಜ್ಞಾನ ಕಾರಣವಲ್ಲ, ಪೂರೈಕೆ ಸರಪಳಿಯ ಒತ್ತಡ ಕಾರಣ. ಕಟಾವು ತಂಡಕ್ಕೆ ಟನ್ ಲೆಕ್ಕದಲ್ಲಿ ಕೂಲಿ ದೊರೆಯುವುದರಿಂದ ಎಲೆ ಸುಲಿಯುವ ಕೆಲಸ ಅದಕ್ಕೆ ಹೊರೆ. ಸುಟ್ಟ ತಾಕು ಬೇಗ ಮುಗಿಯುತ್ತದೆ. ಕಟಾವಿನ ಸರದಿ ತಡವಾದ ರೈತನು ತಂಡ ಹೇಳಿದಂತೆ ಕೇಳಬೇಕಾಗುತ್ತದೆ. ಕಟಾವಿನ ನಂತರ ಸುಡುವುದಕ್ಕೆ ಬೇರೆ ಕಾರಣಗಳಿವೆ: ಕೂಳೆ ಬೆಳೆಗೆ ಸಾಲುಗಳಲ್ಲಿ ನೀರು ಸರಾಗವಾಗಿ ಹರಿಯಬೇಕು, ಗೊಬ್ಬರ ಕೊಡಲು ಮತ್ತು ಅಂತರ ಬೇಸಾಯಕ್ಕೆ ದಾರಿಯಾಗಬೇಕು, ಇಲಿ–ಹಾವುಗಳ ಭಯ ಬೇರೆ. ಇವು ಹುಸಿ ಕಾರಣಗಳಲ್ಲ. ಸುಡಬೇಡಿ ಎಂದು ಫಲಕ ಹಾಕುವುದರಿಂದ ಇವು ಪರಿಹಾರವಾಗುವುದಿಲ್ಲ. ಕಟಾವಿಗೆ ಮುನ್ನ ಸುಟ್ಟ ಕಬ್ಬಿನಲ್ಲಿ ತೂಕ ಮತ್ತು ಸಕ್ಕರೆ ಅಂಶಗಳೆರಡೂ ವೇಗವಾಗಿ ಇಳಿಯುವುದರಿಂದ ಅದು ಕಾರ್ಖಾನೆಗೂ ನಷ್ಟವೇ. ಆದ್ದರಿಂದ ಸುಡದ ಕಬ್ಬಿಗೆ ಕಟಾವು ದರದಲ್ಲಿಯೇ ಅಲ್ಪ ಹೆಚ್ಚಳ ನೀಡಿ ಆ ವ್ಯತ್ಯಾಸವನ್ನು ಕಾರ್ಖಾನೆ ಮತ್ತು ರೈತರು ಹಂಚಿಕೊಳ್ಳುವುದು ಹೆಚ್ಚು ಫಲಕಾರಿ ಎಂಬುದು ನಮ್ಮ ಅಭಿಪ್ರಾಯ.

ಕಟಾವಿನ ನಂತರದ ನಿರ್ವಹಣೆ ಹೀಗಿರಲಿ. ಕೂಳೆಗಳನ್ನು ನೆಲಮಟ್ಟಕ್ಕೆ ಸವರಿದ ಮೇಲೆ ರವದಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ತುಂಬಿ, ಖಾಲಿ ಬಿಟ್ಟ ಸಾಲಿನಲ್ಲಿ ನೀರು ಹಾಯಿಸಬೇಕು. ಬಾಡಿಗೆಗೆ ರವದಿ ಕತ್ತರಿಸುವ ಯಂತ್ರ ದೊರೆಯುವಲ್ಲಿ ಎಲೆಗಳನ್ನು ತುಂಡರಿಸಿ ಹರಡಿದರೆ ಕಳಿಯುವಿಕೆ ಬೇಗ ಆಗುತ್ತದೆ. ಪ್ರತಿ ಟನ್ ರವದಿಗೆ 8 ಕಿ.ಗ್ರಾಂ. ಯೂರಿಯಾ, 10 ಕಿ.ಗ್ರಾಂ. ಸಿಂಗಲ್ ಸೂಪರ್ ಫಾಸ್ಫೇಟ್ ಮತ್ತು 1 ಕಿ.ಗ್ರಾಂ. ಕಳಿಸುವ ಸೂಕ್ಷ್ಮಾಣುಜೀವಿಗಳ ಮಿಶ್ರಣವನ್ನು ಸಗಣಿ ಬಗ್ಗಡದೊಂದಿಗೆ ಸಿಂಪಡಿಸಿ ಮಣ್ಣು ಎಳೆಯಬೇಕು. ಯೂರಿಯಾ ಕೊಡದೆ ರವದಿ ಹೊದಿಸಿದರೆ ಕಳಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾತ್ಕಾಲಿಕವಾಗಿ ಕಟ್ಟಿಹಾಕಿ ಕೂಳೆ ಚಿಗುರು ಹಳದಿಯಾಗುತ್ತದೆ. ರವದಿಯಿಂದ ಬೆಳೆ ಕೆಟ್ಟಿತು ಎಂಬ ದೂರಿನ ಹಿಂದೆ ಹಲವು ಸಲ ಇದೇ ಕಾರಣವಿರುತ್ತದೆ. ನೀರು ನಿಲ್ಲುವ ಭಾರೀ ಕಪ್ಪು ಮಣ್ಣಿನಲ್ಲಿ ಎಲ್ಲ ಸಾಲುಗಳಿಗೂ ರವದಿ ಹೊದಿಸುವುದು ಸೂಕ್ತವಲ್ಲ. ಒಣ ಕೆಂಪು ಮಣ್ಣಿನಲ್ಲಿ ಗೆದ್ದಲಿನ ಬಗ್ಗೆ ನಿಗಾ ಇರಬೇಕು.

ಪ್ರೆಸ್‌ಮಡ್: ನೀರನ್ನು ಹೊತ್ತು ತರಬೇಡಿ

ಕಾರ್ಖಾನೆಯಿಂದ ಹೊರಬೀಳುವ ಹಸಿ ಪ್ರೆಸ್‌ಮಡ್‌ನಲ್ಲಿ ಶೇ. 65ರಿಂದ 75ರಷ್ಟು ನೀರಿರುತ್ತದೆ. 10 ಟನ್ ಹಸಿ ಪ್ರೆಸ್‌ಮಡ್ ತಂದರೆ ಸುಮಾರು 7 ಟನ್ ನೀರಿಗೆ ಬಾಡಿಗೆ ಕೊಟ್ಟಂತಾಯಿತು. ಅದೇ ರಾಶಿಯನ್ನು ಕಾರ್ಖಾನೆಯ ಅಂಗಳದಲ್ಲಿಯೇ ಕಳಿಸಿದರೆ ಒಣ ಪದಾರ್ಥದ ಮೂರನೆಯ ಒಂದು ಭಾಗದಷ್ಟು ಕರಗಿ, ತೇವಾಂಶ ಶೇ. 35ಕ್ಕೆ ಇಳಿದು, ಉಳಿಯುವ ಗೊಬ್ಬರ ಸುಮಾರು 3 ಟನ್. ಆ 3 ಟನ್‌ನಲ್ಲಿ ಮೊದಲಿನ ರಂಜಕ ಬಹುತೇಕ ಹಾಗೆಯೇ ಇರುತ್ತದೆ. ಮೂರು ಸಲ ಸಾಗಿಸಬೇಕಾದದ್ದನ್ನು ಒಂದು ಸಲಕ್ಕೆ ಸಾಗಿಸಬಹುದು. ಹೀಗಾಗಿ ಕಳಿಸುವ ಕೆಲಸ ಎಲ್ಲಿ ನಡೆಯಬೇಕೆಂಬುದು ಬರೀ ತಾಂತ್ರಿಕ ವಿವರವಲ್ಲ. ಸಾಗಣೆಯ ವೆಚ್ಚವನ್ನು ಯಾರು ಹೊರುತ್ತಾರೆ ಎಂಬುದನ್ನು ಅದು ತೀರ್ಮಾನಿಸುತ್ತದೆ.

ಹಸಿಯಾದದ್ದನ್ನು ನೇರವಾಗಿ ಸಾಲಿಗೆ ಹಾಕುವುದರಿಂದ ಇನ್ನೂ ಕೆಲವು ತೊಂದರೆಗಳಿವೆ. ಅದರಲ್ಲಿರುವ ಮೇಣದಂತಹ ಅಂಶ ನೀರಿನ ಇಂಗುವಿಕೆಗೆ ಅಡ್ಡಿಯಾಗುತ್ತದೆ. ಕಳಿಯುವಾಗ ಹುಟ್ಟುವ ಶಾಖ ಮೊಳಕೆಗೆ ಹಾನಿ ಮಾಡುತ್ತದೆ. ಹಸಿ ರಾಶಿಗಳು ಗೊಣ್ಣೆಹುಳುಗಳಿಗೆ, ತೆಂಗಿನ ತೋಟಗಳಿರುವ ಕಡೆ ರೈನೋಸಿರಾಸ್ ದುಂಬಿಯ ಮರಿಗಳಿಗೆ ಆಶ್ರಯವಾಗುತ್ತವೆ.

ಕಳಿಸುವ ವಿಧಾನ ಸರಳ. ಸುಮಾರು 1–1.2 ಮೀಟರ್ ಎತ್ತರ, 2–2.5 ಮೀಟರ್ ಅಗಲದ ಉದ್ದನೆಯ ದಿಂಡುಗಳನ್ನು ಮಾಡಿ, ಪ್ರತಿ ಟನ್‌ಗೆ 1 ಕಿ.ಗ್ರಾಂ.ನಂತೆ ಸೂಕ್ಷ್ಮಾಣುಜೀವಿ ಮಿಶ್ರಣ ಸೇರಿಸಿ, ವಾರಕ್ಕೊಮ್ಮೆ ತಿರುವಿಹಾಕಬೇಕು. ಮೊದಲ ವಾರಗಳಲ್ಲಿ ರಾಶಿಯ ಒಳಗೆ ಕೈಯಿಡಲಾಗದಷ್ಟು ಬಿಸಿಯೇರಿ ಕ್ರಮೇಣ ಇಳಿಯುತ್ತದೆ. 45ರಿಂದ 60 ದಿನಗಳಲ್ಲಿ ಗೊಬ್ಬರ ಕಪ್ಪು–ಕಂದು ಬಣ್ಣಕ್ಕೆ ತಿರುಗಿ ಮಣ್ಣಿನ ವಾಸನೆ ಬರುತ್ತದೆ. ಮಾಗಿದೆಯೇ ಎಂದು ಪರೀಕ್ಷಿಸಲು ಒಂದು ಮುಷ್ಟಿ ಗೊಬ್ಬರವನ್ನು ಒದ್ದೆ ಮಾಡಿ ಪಾಲಿಥೀನ್ ಚೀಲದಲ್ಲಿ ಬಿಗಿದು ನಾಲ್ಕೈದು ದಿನ ನೆರಳಿನಲ್ಲಿಡಬೇಕು. ಬಿಚ್ಚಿದಾಗ ಕೊಳೆತ ಅಥವಾ ಹುಳಿ ವಾಸನೆ ಬಂದರೆ, ಚೀಲ ಉಬ್ಬಿದ್ದರೆ, ಇನ್ನೂ ಕಳಿಯಬೇಕೆಂದು ಅರ್ಥ. ಪ್ರಯೋಗಾಲಯದ ವರದಿಯಲ್ಲಿ ಇಂಗಾಲ–ಸಾರಜನಕ ಅನುಪಾತವು 20ಕ್ಕಿಂತ ಕಡಿಮೆ ಹಾಗೂ ಲವಣಾಂಶ ಸೂಚಿಸುವ ವಿದ್ಯುತ್ ವಾಹಕತೆಯು ಮೀಟರಿಗೆ 4 ಡೆಸಿಸೀಮನ್ಸ್ ಮೀರದಂತೆ ಇರಬೇಕು. ಪ್ರೆಸ್‌ಮಡ್‌ಗೆ ಸ್ಪೆಂಟ್‌ವಾಶ್ ಸಿಂಪಡಿಸಿ ತಯಾರಿಸಿದ ಗೊಬ್ಬರವಾದರೆ ಈ ಎರಡನೆಯ ಅಂಕಿಯನ್ನು ಕೇಳದೆ ಕೊಳ್ಳಲೇಬಾರದು.

ಗೊಬ್ಬರದ ಗುಣ ಕಾರ್ಖಾನೆಯ ರಸ ಶುದ್ಧೀಕರಣ ವಿಧಾನವನ್ನೂ ಅವಲಂಬಿಸಿದೆ. ಗಂಧಕ ವಿಧಾನದ ಪ್ರೆಸ್‌ಮಡ್ ಕ್ಷಾರ ಮಣ್ಣಿಗೆ ಒಗ್ಗುತ್ತದೆ. ಸುಣ್ಣ ಹೆಚ್ಚಿರುವ ಕಾರ್ಬನೇಷನ್ ವಿಧಾನದ್ದು ಆಮ್ಲ ಮಣ್ಣಿಗೆ ಮಾತ್ರ ಸೂಕ್ತ.

ಒಂದು ಎಕರೆಯ ಹಕ್ಕು ಎಷ್ಟು?

ಪ್ರೆಸ್‌ಮಡ್ ಎಷ್ಟು ಹಾಕಬೇಕೆಂದು ರೈತರು ಕೇಳುತ್ತಾರೆ; ಎಷ್ಟು ಸಿಗುವುದು ನ್ಯಾಯ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಲೆಕ್ಕ ಹಾಕೋಣ. ಒಂದು ನಾಟಿ ಬೆಳೆ 40 ಟನ್, ಎರಡು ಕೂಳೆ ಬೆಳೆಗಳು ತಲಾ 35 ಟನ್ ಎಂದರೆ ಒಂದು ಆವರ್ತದಲ್ಲಿ ಒಂದು ಎಕರೆಯಿಂದ 110 ಟನ್ ಕಬ್ಬು ಹೊರಹೋಗುತ್ತದೆ. ಶೇ. 3.5ರಂತೆ ಅದರ ಹಸಿ ಪ್ರೆಸ್‌ಮಡ್ 3.85 ಟನ್, ಮಾಗಿದ ಗೊಬ್ಬರವಾಗಿ ಸುಮಾರು 1.2 ಟನ್. ಒಣ ತೂಕದ ಶೇ. 2.5ರಂತೆ ಅದರಲ್ಲಿ 25–30 ಕಿ.ಗ್ರಾಂ. ರಂಜಕ ಇದ್ದು, ಮುಂದಿನ ನಾಟಿಯ ರಂಜಕದ ಶಿಫಾರಸಿನ ಗಣನೀಯ ಭಾಗಕ್ಕೆ ಅದು ಸಮ.

ಈ ಲೆಕ್ಕದಿಂದ ಎರಡು ವಿಷಯಗಳು ತಿಳಿಯುತ್ತವೆ. ಮೊದಲನೆಯದಾಗಿ, ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರದ ಶಿಫಾರಸಿಗೆ ಬದಲಾಗಿ ಪ್ರೆಸ್‌ಮಡ್ ಒಂದನ್ನೇ ನೆಚ್ಚಲಾಗದು. ಒಬ್ಬ ರೈತ ತನ್ನ ಪಾಲಿಗಿಂತ ಹಲವು ಪಟ್ಟು ಒಯ್ದರೆ ಇನ್ನಾರದೋ ಹೊಲದ ರಂಜಕ ಅವನ ಹೊಲ ಸೇರುತ್ತದೆ. ಕಾರ್ಖಾನೆಗೆ ಹತ್ತಿರದ ಹಳ್ಳಿಗಳಲ್ಲಿ ರಾಶಿರಾಶಿ ಪ್ರೆಸ್‌ಮಡ್, ದೂರದ ಹಳ್ಳಿಗಳಿಗೆ ಒಂದು ಬುಟ್ಟಿಯೂ ಇಲ್ಲ ಎಂಬ ಅಸಮತೋಲನ ಹುಟ್ಟುವುದು ಹೀಗೆ. ಎರಡನೆಯದಾಗಿ, ಪ್ರತಿ ವರ್ಷ ಚೂರು ಚೂರು ತರುವುದಕ್ಕಿಂತ ಆವರ್ತದ ಪೂರ್ಣ ಪಾಲನ್ನು ನಾಟಿಯ ಸಮಯದಲ್ಲಿ ಒಮ್ಮೆಗೇ ತಂದು, ಹೊಲದಲ್ಲೆಲ್ಲ ಎರಚದೆ, ನಾಟಿ ಸಾಲಿನೊಳಗೆ ಹಾಕಿ ಮಣ್ಣು ಮುಚ್ಚುವುದು ಲೇಸು. ಪ್ರಮಾಣ ಕಡಿಮೆಯಿರುವಾಗ ಬೇರಿನ ಬಳಿ ಇರುವುದೇ ಮುಖ್ಯ.

ಕೊಳ್ಳಬೇಕೇ ಬೇಡವೇ ಎಂಬುದಕ್ಕೂ ಒಂದು ಅಳತೆಗೋಲು ಬೇಕು. ಮಾಗಿದ 1 ಟನ್ ಗೊಬ್ಬರದಲ್ಲಿ ಎಚ್ಚರಿಕೆಯ ಅಂದಾಜಿನಂತೆ 12 ಕಿ.ಗ್ರಾಂ. ಸಾರಜನಕ, 20 ಕಿ.ಗ್ರಾಂ. ರಂಜಕ ಇರುತ್ತದೆ. 45 ಕಿ.ಗ್ರಾಂ. ಯೂರಿಯಾ ಚೀಲಕ್ಕೆ ಸುಮಾರು 266 ರೂ., 50 ಕಿ.ಗ್ರಾಂ. ಡಿಎಪಿ ಚೀಲಕ್ಕೆ 1,350 ರೂ. ಎಂಬ ದರಗಳಲ್ಲಿ ಸಾರಜನಕ ಕಿ.ಗ್ರಾಂ.ಗೆ 13 ರೂ., ರಂಜಕ ಸುಮಾರು 54 ರೂ. ಆಗುತ್ತದೆ. ಆಗ ಗೊಬ್ಬರದ ಈ ಎರಡು ಪೋಷಕಾಂಶಗಳ ಮೌಲ್ಯ ಟನ್‌ಗೆ 1,200 ರೂ. ಆಸುಪಾಸು. ಹಸಿ ಪ್ರೆಸ್‌ಮಡ್‌ಗೆ ಇದೇ ಲೆಕ್ಕ ಹಾಕಿದರೆ 450–475 ರೂ. ಮಾತ್ರ. ಗೊಬ್ಬರದ ಬೆಲೆ, ಸಾಗಣೆ, ತುಂಬಿ ಇಳಿಸುವ ಮತ್ತು ಹರಡುವ ಕೂಲಿ ಇವೆಲ್ಲ ಸೇರಿ ಈ ಮೊತ್ತದೊಳಗಿದ್ದರೆ ಸಾವಯವ ಇಂಗಾಲ ಉಚಿತವಾಗಿ ದೊರೆತಂತೆ. ಈ ಸಾರಜನಕದ ಸ್ವಲ್ಪ ಭಾಗ ಮಾತ್ರ ಮೊದಲ ವರ್ಷ ಬೆಳೆಗೆ ಒದಗುವುದರಿಂದ ಯೂರಿಯಾವನ್ನು ಅದೇ ವರ್ಷ ಪೂರ್ತಿ ಕಡಿತ ಮಾಡುವುದು ತಪ್ಪು; ಮಣ್ಣು ಪರೀಕ್ಷೆಯ ಆಧಾರದಲ್ಲಿ ಹಂತಹಂತವಾಗಿ ಇಳಿಸಬೇಕು.

ಖಾಲಿ ಟ್ರೇಲರನ್ನು ಬಳಸುವ ಬಗೆ

ಹಿಂದಿರುಗುವ ಖಾಲಿ ವಾಹನದಲ್ಲಿ ಗೊಬ್ಬರ ತರುವುದು ಕೇಳಲು ಸುಲಭ. ಆದರೆ ವಾಹನದ ಮಾಲೀಕನಿಗೆ ಆದಾಯ ಬರುವುದು ಕಬ್ಬಿನ ಟನ್ ಲೆಕ್ಕದಲ್ಲಿ. ಕಾರ್ಖಾನೆಯ ಅಂಗಳದಲ್ಲಿ ಗಂಟೆಗಟ್ಟಲೆ ಸರದಿ ಕಾದು ಕಬ್ಬು ಇಳಿಸಿದ ಮೇಲೆ ಗೊಬ್ಬರ ತುಂಬಿಸಲು ಮತ್ತೊಂದು ಸರದಿ ಕಾಯಲು ಅವನು ಒಪ್ಪುವುದಿಲ್ಲ, ಒಪ್ಪಬೇಕೆಂದು ಅಪೇಕ್ಷಿಸುವುದೂ ಸರಿಯಲ್ಲ. ಕಬ್ಬಿನ ಟ್ರೇಲರಿಗೆ ಪಕ್ಕದ ಹಲಗೆಗಳೂ ಇರುವುದಿಲ್ಲ. ಹಸಿ ವಸ್ತು ದಾರಿಯುದ್ದಕ್ಕೂ ಸೋರುತ್ತದೆ.

ಈ ತೊಡಕುಗಳಿಗೆ ಪರಿಹಾರವಿದೆ. ಗೊಬ್ಬರವು ಮಾಗಿದ್ದು, 40–50 ಕಿ.ಗ್ರಾಂ. ಚೀಲಗಳಲ್ಲಿ ಸಿದ್ಧವಾಗಿದ್ದರೆ ಅಥವಾ ತುಂಬುವ ಯಂತ್ರವು ಹೊರಹೋಗುವ ದ್ವಾರದ ಬಳಿಯೇ ಇದ್ದರೆ ತುಂಬಿಸುವ ಸಮಯ ಗಣನೀಯವಾಗಿ ಇಳಿಯುತ್ತದೆ. ಪ್ರತಿ ರೈತನ ಮನೆಬಾಗಿಲಿಗೆ ಬದಲಾಗಿ ಹಳ್ಳಿಗೊಂದು ಎತ್ತರದ, ನೀರು ನಿಲ್ಲದ, ಬಾವಿ–ಕೊಳವೆಬಾವಿಗಳಿಂದ ದೂರದ ಜಾಗದಲ್ಲಿ ಇಳಿಸಿದರೆ ವಾಹನ ದಾರಿ ಬಿಟ್ಟು ಅಲೆಯಬೇಕಿಲ್ಲ. ಆ ರಾಶಿಯಿಂದ ಹೊಲಕ್ಕೆ ಒಯ್ಯುವ ಕೆಲಸ ಎತ್ತಿನ ಗಾಡಿಯಲ್ಲಿ ಅಥವಾ ಸಣ್ಣ ಟ್ರ್ಯಾಕ್ಟರಿನಲ್ಲಿ ರೈತರ ಬಿಡುವಿನಂತೆ ನಡೆಯಬಹುದು. ಮರುಪ್ರಯಾಣದ ಬಾಡಿಗೆಯನ್ನು ಪ್ರತ್ಯೇಕವಾಗಿ, ಕಬ್ಬಿನ ದರಕ್ಕಿಂತ ಕಡಿಮೆಯಾದರೂ ಖಚಿತವಾಗಿ, ಗುತ್ತಿಗೆಯಲ್ಲಿಯೇ ಬರೆದಿರಬೇಕು. ಈ ಕೆಲಸಕ್ಕೆ ರೈತ ಉತ್ಪಾದಕ ಸಂಸ್ಥೆ ಅಥವಾ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವು ಬಿಡಿ ರೈತನಿಗಿಂತ ಹೆಚ್ಚು ಸಮರ್ಥ. ಇಡೀ ಹಳ್ಳಿಯ ಬೇಡಿಕೆಯನ್ನು ಒಟ್ಟುಗೂಡಿಸಿ ದಿನ ಗೊತ್ತುಪಡಿಸಲು ಅದಕ್ಕೆ ಸಾಧ್ಯ.

ಪಾಲಿನ ಲೆಕ್ಕಕ್ಕೆ ಹೊಸ ದಾಖಲೆಯನ್ನೇನೂ ಸೃಷ್ಟಿಸಬೇಕಿಲ್ಲ. ಪ್ರತಿ ರೈತನ ಕಬ್ಬಿನ ತೂಕ ಈಗಾಗಲೇ ಕಾರ್ಖಾನೆಯ ಗಣಕದಲ್ಲಿ ದಾಖಲಾಗುತ್ತದೆ. ಪ್ರತಿ ಟನ್‌ಗೆ ಇಷ್ಟು ಕಿ.ಗ್ರಾಂ. ಗೊಬ್ಬರ ಎಂದು ಅದೇ ತೂಕದ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿದರೆ ಸಾಕು. ದೂರದ ಹಳ್ಳಿಯವನಿಗೂ ಹತ್ತಿರದವನಿಗೂ ಹಕ್ಕು ಒಂದೇ ಆಗುತ್ತದೆ.

ಪೊಟ್ಯಾಷ್: ಡಿಸ್ಟಿಲರಿಯಿಂದ ಹೊಲಕ್ಕೆ

ಒಂದು ಎಕರೆಯ 40 ಟನ್ ಕಬ್ಬಿನಿಂದ ಬರುವ 1.6ರಿಂದ 1.8 ಟನ್ ಕಾಕಂಬಿಯು ಡಿಸ್ಟಿಲರಿಯಲ್ಲಿ 400 ಲೀಟರ್ ಆಸುಪಾಸು ಮದ್ಯಸಾರವಾಗುತ್ತದೆ. ಪ್ರತಿ ಲೀಟರ್ ಮದ್ಯಸಾರಕ್ಕೆ 10 ಲೀಟರಿನಷ್ಟು ಸ್ಪೆಂಟ್‌ವಾಶ್ ಎಂದು ಹಿಡಿದರೆ 4,000 ಲೀಟರ್. ಅದರಲ್ಲಿ ಪೊಟ್ಯಾಷ್ ಶೇ. 1ರಷ್ಟಿದ್ದರೆ 40 ಕಿ.ಗ್ರಾಂ. 65–70 ಕಿ.ಗ್ರಾಂ. ಮ್ಯುರಿಯೇಟ್ ಆಫ್ ಪೊಟ್ಯಾಷ್‌ನಲ್ಲಿರುವಷ್ಟು ಪೊಟ್ಯಾಷ್ ಅದು! ನಮ್ಮ ದೇಶವು ಈ ಗೊಬ್ಬರವನ್ನು ಪೂರ್ಣವಾಗಿ ಆಮದು ಮಾಡಿಕೊಳ್ಳುತ್ತದೆ. ಸ್ವಂತ ಹೊಲದಿಂದ ಹೋದದ್ದಕ್ಕೆ ಹಡಗಿನಲ್ಲಿ ಬಂದದ್ದನ್ನು ಬದಲಿಯಾಗಿ ಕೊಳ್ಳುವುದು ಎಂತಹ ವ್ಯವಹಾರವೆಂದು ಓದುಗರೇ ಯೋಚಿಸಬಹುದು.

ಹಾಗೆಂದು ಕಚ್ಚಾ ಸ್ಪೆಂಟ್‌ವಾಶ್ ಅನ್ನು ಟ್ಯಾಂಕರಿನಲ್ಲಿ ತಂದು ಹೊಲಕ್ಕೆ ಬಿಡಿಸಿಕೊಳ್ಳಬಾರದು. ಅದು ಆಮ್ಲೀಯ, ಲವಣಯುಕ್ತ. ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 40,000 ಮಿಲಿಗ್ರಾಂ ದಾಟುತ್ತದೆ. ಮಣ್ಣಿನ ಗಾಳಿ ಕಟ್ಟಿ ಬೇರು ಕೊಳೆಯುವುದಲ್ಲದೆ ಸುತ್ತಲಿನ ಬಾವಿಗಳ ನೀರು ಕಂದು ಬಣ್ಣಕ್ಕೆ ತಿರುಗುವ ಅಪಾಯವಿದೆ. ಉಚಿತವೆಂಬ ಕಾರಣಕ್ಕೆ ಒಬ್ಬರು ಒಪ್ಪಿಕೊಂಡರೆ ನೆರೆಹೊರೆಯ ಎಲ್ಲರೂ ಅನುಭವಿಸಬೇಕಾಗುತ್ತದೆ.

ಸುರಕ್ಷಿತ ಮಾರ್ಗ ಬೇರೆಯೇ ಇದೆ. ಡಿಸ್ಟಿಲರಿಗಳು ತ್ಯಾಜ್ಯ ದ್ರವವನ್ನು ಹೊರಬಿಡಬಾರದೆಂಬ ನಿಯಮದಿಂದಾಗಿ ಅನೇಕ ಘಟಕಗಳು ಸ್ಪೆಂಟ್‌ವಾಶ್ ಅನ್ನು ಗಟ್ಟಿಗೊಳಿಸಿ ವಿಶೇಷ ಬಾಯ್ಲರುಗಳಲ್ಲಿ ಸುಡುತ್ತವೆ. ಉಳಿದ ಬೂದಿಯಿಂದ ಕಾಕಂಬಿ ಮೂಲದ ಪೊಟ್ಯಾಷ್ ಗೊಬ್ಬರ ತಯಾರಾಗುತ್ತದೆ. ಇದರಲ್ಲಿ ಕನಿಷ್ಠ ಶೇ. 14.5 ಪೊಟ್ಯಾಷ್ ಇರುತ್ತದೆ. ಕೇಂದ್ರ ಸರ್ಕಾರವು 2024ರ ಜನವರಿಯಲ್ಲಿ ಕಾರ್ಖಾನೆಗಳಿಂದ ಗೊಬ್ಬರ ಕಂಪನಿಗಳಿಗೆ ಇದರ ಮಾರಾಟ ದರವನ್ನು ಟನ್‌ಗೆ 4,263 ರೂ. ಎಂದು ನಿಗದಿಪಡಿಸಿತು. ಪೋಷಕಾಂಶ ಆಧಾರಿತ ಸಹಾಯಧನವಾಗಿ ಟನ್‌ಗೆ 345 ರೂ. ದೊರೆಯುತ್ತಿತ್ತು. ದೇಶದಲ್ಲಿ ಆಗ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಇಂತಹ ಬೂದಿ ಮಾರಾಟವಾಗುತ್ತಿದ್ದು, ಸಾಮರ್ಥ್ಯ 10–12 ಲಕ್ಷ ಟನ್ ಎಂದು ಅಂದಾಜಿಸಲಾಗಿತ್ತು.

ಬಳಸುವವರು ಗಮನಿಸಬೇಕಾದ ಅಂಶಗಳು ಕೆಲವಿವೆ. 40 ಕಿ.ಗ್ರಾಂ. ಪೊಟ್ಯಾಷ್ ಬೇಕಾದರೆ ಈ ಗೊಬ್ಬರ ಸುಮಾರು 275 ಕಿ.ಗ್ರಾಂ. ಬೇಕು, ಅಂದರೆ ಇಲ್ಲಿಯೂ ದೂರವೇ ಶತ್ರು, ಕಾರ್ಖಾನೆಯ ಸುತ್ತಲಿನ ಪ್ರದೇಶಕ್ಕೆ ಅದು ಹೆಚ್ಚು ಲಾಭದಾಯಕ. ಪುಡಿ ಕ್ಷಾರೀಯವಾಗಿದ್ದು ತೇವ ಹೀರುವುದರಿಂದ ಚೀಲ ಬಿಚ್ಚಿದ ಮೇಲೆ ಇಟ್ಟುಕೊಳ್ಳಬಾರದು, ಯೂರಿಯಾದೊಂದಿಗೆ ಬೆರೆಸಿ ಎರಚಬಾರದು. ಗಾಳಿಯ ವೇಳೆ ಎರಚುವವರು ಮೂಗು–ಬಾಯಿ ಮುಚ್ಚಿಕೊಳ್ಳಬೇಕು. ಚೀಲದ ಮೇಲೆ ಪೊಟ್ಯಾಷ್ ಪ್ರಮಾಣ ಮುದ್ರಿಸಿರದ ಬಿಡಿ ಬೂದಿಯನ್ನು ಗೊಬ್ಬರವೆಂದು ಕೊಳ್ಳಬಾರದು. ಚೌಳು ಭೂಮಿಯಲ್ಲಿ ಮಣ್ಣು ಪರೀಕ್ಷೆಯಿಲ್ಲದೆ ಬಳಸಬಾರದು.

ಬಗಾಸ್ ಬೂದಿಯ ಬಗ್ಗೆ ಒಂದು ಮಾತು ಸಾಕು: ಅದರಲ್ಲಿ ಸಿಲಿಕಾನ್ ಹೇರಳವಾಗಿದ್ದು, ಸ್ವಲ್ಪ ಪೊಟ್ಯಾಷ್ ಇದೆ, ಸಾರಜನಕವಿಲ್ಲ. ಪ್ರೆಸ್‌ಮಡ್ ದಿಂಡುಗಳಿಗೆ ಸೇರಿಸಿ ತೇವ ಹೀರಿಸಲು ಉಪಯುಕ್ತ.

ಅನಿಲ ಘಟಕಗಳ ಪೈಪೋಟಿ

2018ರಲ್ಲಿ ಆರಂಭವಾದ ಸತತ್ ಯೋಜನೆಯ ನಂತರ ಸಂಕುಚಿತ ಜೈವಿಕ ಅನಿಲಕ್ಕೆ ಪ್ರೆಸ್‌ಮಡ್ ಬೇಡಿಕೆಯ ಕಚ್ಚಾವಸ್ತುವಾಗಿದೆ. ಸುಮಾರು 25 ಟನ್ ಪ್ರೆಸ್‌ಮಡ್‌ನಿಂದ 1 ಟನ್ ಅನಿಲ ದೊರೆಯುತ್ತದೆ. ನಿನ್ನೆಯವರೆಗೆ ಹಾಕಲು ಜಾಗವಿಲ್ಲದೆ ಕೊಡುತ್ತಿದ್ದ ವಸ್ತುವಿಗೆ ಈಗ ಬೆಲೆ ಬಂದಿದೆ. ಇದರಿಂದ ರೈತರ ಪ್ರೆಸ್‌ಮಡ್ ತಪ್ಪಿಹೋಗುತ್ತದೆಂಬ ಆತಂಕ ಸಹಜ.

ಆದರೆ ಅನಿಲ ಘಟಕವು ತೆಗೆದುಕೊಳ್ಳುವುದು ಇಂಗಾಲ ಮತ್ತು ಜಲಜನಕವನ್ನು. ಸಾರಜನಕ, ರಂಜಕಗಳು ಹುದುಗಿದ ಉಳಿಕೆಯಲ್ಲಿ ಇದ್ದೇ ಇರುತ್ತವೆ. ದಿಂಡು ಮಾಡಿ ಕಳಿಸುವಾಗಲೂ ಇಂಗಾಲದ ದೊಡ್ಡ ಪಾಲು ಗಾಳಿಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಹಾಗಾಗಿ ಅನಿಲ ತಯಾರಿಕೆಯನ್ನೇ ವಿರೋಧಿಸುವುದು ಸರಿಯಲ್ಲ. ಹುದುಗಿದ ಉಳಿಕೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಇಂತಹ ಹುದುಗಿದ ಸಾವಯವ ಗೊಬ್ಬರಕ್ಕೆ 2023ರಿಂದ ಟನ್‌ಗೆ 1,500 ರೂ. ಮಾರುಕಟ್ಟೆ ಅಭಿವೃದ್ಧಿ ನೆರವು ಘೋಷಣೆಯಾಗಿದೆ. ಪ್ರೆಸ್‌ಮಡ್ ಮಾರುವ ಕಾರ್ಖಾನೆಯು, ಉಳಿಕೆಯು ಅದೇ ಕಬ್ಬು ಪ್ರದೇಶಕ್ಕೆ ಮರಳಬೇಕೆಂಬ ಷರತ್ತನ್ನು ಅನಿಲ ಘಟಕದ ಕರಾರಿನಲ್ಲಿ ಸೇರಿಸುವಂತೆ ಬೆಳೆಗಾರರು ಕೇಳಬಹುದು. ಸಹಕಾರಿ ಕಾರ್ಖಾನೆಗಳ ಸದಸ್ಯರಿಗೆ ಇದನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸುವ ಅವಕಾಶವಿದೆ. ಲಾಭಾಂಶದ ಚರ್ಚೆಗಿಂತ ಇದು ಕಡಿಮೆ ಮಹತ್ವದ್ದಲ್ಲ.

ಹಣದ ಲೆಕ್ಕ, ಮಣ್ಣಿನ ಲೆಕ್ಕ

ಕೇಂದ್ರವು 2025–26ನೇ ಹಂಗಾಮಿಗೆ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂ. ನ್ಯಾಯಸಮ್ಮತ ಮತ್ತು ಲಾಭದಾಯಕ ದರ ಗೊತ್ತುಪಡಿಸಿದೆ. 2012ರಲ್ಲಿ ವರದಿ ನೀಡಿದ ಸಿ. ರಂಗರಾಜನ್ ಸಮಿತಿಯು ಸಕ್ಕರೆ ಮತ್ತು ಉಪ ಉತ್ಪನ್ನಗಳಾದ ಬಗಾಸ್, ಕಾಕಂಬಿ, ಪ್ರೆಸ್‌ಮಡ್‌ಗಳ ಮೌಲ್ಯದಲ್ಲಿ ಶೇ. 70ರಷ್ಟು ರೈತರಿಗೆ ಸಲ್ಲಬೇಕೆಂದು ಶಿಫಾರಸು ಮಾಡಿತು. ಕರ್ನಾಟಕವು 2013ರಲ್ಲಿ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣ ಅಧಿನಿಯಮವನ್ನು ತಂದು ಕಬ್ಬು ನಿಯಂತ್ರಣ ಮಂಡಳಿಯನ್ನು ರಚಿಸಿತು. ಉಪ ಉತ್ಪನ್ನಗಳಲ್ಲಿ ಬೆಳೆಗಾರನಿಗೆ ಪಾಲಿದೆ ಎಂಬ ತತ್ತ್ವ ಹೀಗೆ ಸ್ಥಾಪಿತವಾಗಿದೆ. ಆದರೆ ಆ ಪಾಲು ರೂಪಾಯಿಯಲ್ಲಿ ಮಾತ್ರ ಲೆಕ್ಕವಾಗುತ್ತದೆ. ಪ್ರೆಸ್‌ಮಡ್ ಹಣವಾಗಿ ಬಂದು ಗೊಬ್ಬರವಾಗಿ ಬಾರದಿದ್ದರೆ ರೈತನ ಖಾತೆ ತುಂಬಿದರೂ ಹೊಲದ ಖಾತೆ ಖಾಲಿಯಾಗುತ್ತದೆ. ಹಣವೋ ಗೊಬ್ಬರವೋ ಎಂಬ ಆಯ್ಕೆಯನ್ನು ಬೆಳೆಗಾರನಿಗೇ ಬಿಡುವುದು ಸೂಕ್ತ.

ಕಾಲಸೂಚಿ

ನುರಿಸುವ ಹಂಗಾಮಿನಲ್ಲಿ ಪ್ರೆಸ್‌ಮಡ್ ರಾಶಿ ಬೀಳುತ್ತದೆ, ನಾಟಿ ಬೇರೆ ತಿಂಗಳುಗಳಲ್ಲಿ ಬರುತ್ತದೆ. ನಡುವಿನ ಅಂತರವನ್ನು ಸಂಗ್ರಹಣೆಯಿಂದ ತುಂಬಬೇಕು. ಉತ್ತರ ಕರ್ನಾಟಕದಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಸಿಗುವ ಪ್ರೆಸ್‌ಮಡ್ ಅನ್ನು ಕಳಿಸಿದರೆ ಜುಲೈ–ಆಗಸ್ಟಿನ ಅಡ್ಸಾಲಿ ನಾಟಿಗೆ ಸಕಾಲಕ್ಕೆ ಒದಗುತ್ತದೆ. ಇದಕ್ಕಾಗಿ ಹಳ್ಳಿಯ ಬೇಡಿಕೆ ಪಟ್ಟಿಯನ್ನು ಫೆಬ್ರುವರಿಯೊಳಗೆ ಕಾರ್ಖಾನೆಯ ಕಬ್ಬು ವಿಭಾಗಕ್ಕೆ ಸಲ್ಲಿಸಬೇಕು. ಅಷ್ಟರಲ್ಲಿ ಟ್ರೇಲರುಗಳು ಇನ್ನೂ ಓಡಾಡುತ್ತಿರುತ್ತವೆ. ಏಪ್ರಿಲ್ ಕಳೆದು ಕೇಳಿದರೆ ಗೊಬ್ಬರ ಸಿಕ್ಕರೂ ಮರುಪ್ರಯಾಣದ ವಾಹನ ಸಿಗುವುದಿಲ್ಲ, ಪೂರ್ಣ ಬಾಡಿಗೆ ತೆರಬೇಕಾಗುತ್ತದೆ. ಮುಂಗಾರಿಗೆ ಮುನ್ನ ಹಳ್ಳಿಯ ರಾಶಿಯನ್ನು ರವದಿಯಿಂದ ಅಥವಾ ತಾಡಪಾಲಿನಿಂದ ಮುಚ್ಚಬೇಕು. ಮಣ್ಣಿನ ಮಾದರಿಯನ್ನು ಕೊನೆಯ ಕೂಳೆ ಕಟಾವಾದ ಕೂಡಲೇ, ಗೊಬ್ಬರ ಹಾಕುವ ಮುನ್ನ, ತೆಗೆದು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಬೇಕು. ಆವರ್ತದ ಎಲ್ಲ ತೂಕದ ಚೀಟಿಗಳನ್ನು ಆ ಮಣ್ಣು ಆರೋಗ್ಯ ಚೀಟಿಯೊಂದಿಗೆ ಒಂದೇ ಕಡೆ ಇಟ್ಟುಕೊಂಡರೆ ಎಷ್ಟು ಹೋಯಿತು, ಎಷ್ಟು ಬಂದಿತು ಎಂಬ ಲೆಕ್ಕ ಮುಂದಿನ ನಾಟಿಗೆ ಕೈಯಲ್ಲಿರುತ್ತದೆ.